ಪ್ರಧಾನಿ ಕುರ್ಚಿಗೆ ಬ್ಯಾಕಪ್ ಇದೆಯಾ?

ಕಳೆದ ಸೆಮಿಸ್ಟರ್ ಸಂವಿಧಾನದ ಇಂಟರ್ನಲ್ಸ್‌ಗೆ ಓದುತ್ತಾ ಕೂತಿದ್ದಾಗ ರೂಮ್‌ಮೇಟ್ ಒಂದು ಪ್ರಶ್ನೆ ಕೇಳಿದ. "ಪ್ರಧಾನಿ ಅಧಿಕಾರದಲ್ಲಿ ಇರುವಾಗಲೇ ತೀರಿಕೊಂಡ್ರೆ ಮುಂದೆ ಯಾರು?" ನಾನು ಯೋಚನೆ ಮಾಡದೆ "ಉಪರಾಷ್ಟ್ರಪತಿ" ಅಂದೆ. ಅವನು "ಅಲ್ಲ, ಗೃಹ ಸಚಿವ" ಅಂದ. ಪುಸ್ತಕ ತೆಗೆದು ನೋಡಿದ್ರೆ ಇಬ್ಬರದ್ದೂ ತಪ್ಪು. ಈ ಪ್ರಶ್ನೆಗೆ ನಮ್ಮ ಸಂವಿಧಾನದಲ್ಲಿ ಉತ್ತರವೇ ಇಲ್ಲ!

ಮೊದಲು ರಾಷ್ಟ್ರಪತಿ ವಿಷಯ ನೋಡೋಣ. ಅಲ್ಲಿ ಎಲ್ಲಾ ಬರೆದಿಟ್ಟಿದ್ದಾರೆ. 65ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಸ್ಥಾನ ಖಾಲಿಯಾದರೆ ಉಪರಾಷ್ಟ್ರಪತಿ ಹಂಗಾಮಿಯಾಗಿ ಆ ಕೆಲಸ ಮಾಡಬೇಕು, ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಾಗೆ ಹಂಗಾಮಿ ರಾಷ್ಟ್ರಪತಿ ಆದವರು ನಮ್ಮವರೇ, ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಬಿ.ಡಿ. ಜತ್ತಿ. ಉಪರಾಷ್ಟ್ರಪತಿಯೂ ಇಲ್ಲದಿದ್ರೆ? ಅದಕ್ಕೆ 1969ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಆ ಜಾಗಕ್ಕೆ ಬರುತ್ತಾರೆ. ಅದೇ ವರ್ಷ ವಿ.ವಿ. ಗಿರಿ ರಾಜೀನಾಮೆ ಕೊಟ್ಟಾಗ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಸುಮಾರು ಒಂದು ತಿಂಗಳು ಹಂಗಾಮಿ ರಾಷ್ಟ್ರಪತಿ ಆಗಿದ್ರು.

ಆದ್ರೆ ದಿನನಿತ್ಯ ಸರ್ಕಾರ ನಡೆಸುವುದು ಪ್ರಧಾನಿ. ಅವರ ಬಗ್ಗೆ ಸಂವಿಧಾನ ಹೇಳುವುದು ಇಷ್ಟೇ: ಪ್ರಧಾನಿ ನೇತೃತ್ವದ ಮಂತ್ರಿಮಂಡಲ ಇರಬೇಕು (74ನೇ ವಿಧಿ), ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸಬೇಕು, ಮಂತ್ರಿಮಂಡಲ ಲೋಕಸಭೆಗೆ ಉತ್ತರ ಕೊಡಬೇಕು (75ನೇ ವಿಧಿ). "ಹಂಗಾಮಿ ಪ್ರಧಾನಿ" ಅನ್ನೋ ಪದ ಇಲ್ಲ. "ಉಪಪ್ರಧಾನಿ" ಅನ್ನೋದೂ ಇಲ್ಲ. 1989ರಲ್ಲಿ ದೇವಿಲಾಲ್ ಉಪಪ್ರಧಾನಿ ಅಂತ ಪ್ರಮಾಣವಚನ ತಗೊಂಡಾಗ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಅದು ಬರೀ ಕರೆಯೋಕೆ ಇರುವ ಹೆಸರು, ಕಾನೂನಿನ ಪ್ರಕಾರ ಅವರು ಉಳಿದವರ ಹಾಗೆ ಒಬ್ಬ ಮಂತ್ರಿ ಅಷ್ಟೇ ಅಂತ ಕೋರ್ಟ್ ಹೇಳಿತು.

ಹಾಗಾದ್ರೆ ನಿಜವಾಗಲೂ ಪ್ರಧಾನಿ ತೀರಿಕೊಂಡಾಗ ಏನಾಯ್ತು? ಇದುವರೆಗೆ ಮೂರು ಸಲ ಹಾಗಾಗಿದೆ. 1964ರ ಮೇ 27ಕ್ಕೆ ನೆಹರು ತೀರಿಕೊಂಡ್ರು. ಅದೇ ದಿನ ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಹಿರಿಯ ಮಂತ್ರಿ, ಗೃಹ ಸಚಿವ ಗುಲ್ಜಾರಿಲಾಲ್ ನಂದಾ ಅವರಿಗೆ ಪ್ರಮಾಣವಚನ ಬೋಧಿಸಿದ್ರು. 13 ದಿನ ಆದಮೇಲೆ, ಜೂನ್ 9ಕ್ಕೆ, ಶಾಸ್ತ್ರಿ ಪ್ರಧಾನಿ ಆದ್ರು. 1966ರ ಜನವರಿ 11ಕ್ಕೆ ತಾಷ್ಕೆಂಟ್‌ನಲ್ಲಿ ಶಾಸ್ತ್ರಿ ತೀರಿಕೊಂಡ್ರು. ಮತ್ತೆ ನಂದಾ, ಮತ್ತೆ 13 ದಿನ. ಆ ಗ್ಯಾಪ್‌ನಲ್ಲಿ ಕಾಂಗ್ರೆಸ್ ಸಂಸದರು ಮತ ಹಾಕಿದ್ರು. ಮೊರಾರ್ಜಿ ದೇಸಾಯಿಗೆ 169, ಇಂದಿರಾಗೆ 355.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ನಂದಾ ಆಗ ಯುಪಿಎಸ್ ಥರ ಇದ್ರು. ಕರೆಂಟ್ ಹೋದ ಕ್ಷಣಕ್ಕೆ ಲ್ಯಾಬ್‌ನ ಸಿಸ್ಟಮ್‌ಗಳು ಆಫ್ ಆಗದ ಹಾಗೆ ಯುಪಿಎಸ್ ನೋಡಿಕೊಳ್ಳುತ್ತೆ, ಆದ್ರೆ ಇಡೀ ದಿನ ಅದರ ಮೇಲೆ ನಡೆಸೋಕಾಗಲ್ಲ. ಅಷ್ಟರಲ್ಲಿ ಜನರೇಟರ್ ಆನ್ ಆಗಬೇಕು.

ಮೂರನೇ ಸಲ ಈ ಸಂಪ್ರದಾಯ ನಡೆಯಲಿಲ್ಲ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿ ಹತ್ಯೆಯಾದಾಗ ರಾಷ್ಟ್ರಪತಿ ಜೈಲ್ ಸಿಂಗ್ ಯೆಮೆನ್‌ನಲ್ಲಿದ್ರು, ರಾಜೀವ್ ಗಾಂಧಿ ಪಶ್ಚಿಮ ಬಂಗಾಳದಲ್ಲಿದ್ರು. ಇಬ್ಬರೂ ದೆಹಲಿಗೆ ವಾಪಸ್ ಬಂದ್ರು, ಅದೇ ಸಂಜೆ ರಾಜೀವ್ ನೇರವಾಗಿ ಪ್ರಧಾನಿ ಆದ್ರು. ಮಧ್ಯೆ ಹಂಗಾಮಿ ಯಾರೂ ಇರಲಿಲ್ಲ. ಇದರಲ್ಲಿ ಕಾನೂನು ಮುರಿದಿಲ್ಲ, ಯಾಕಂದ್ರೆ ಮುರಿಯೋಕೆ ಕಾನೂನೇ ಇರಲಿಲ್ಲ.

ಅಮೆರಿಕದಲ್ಲಿ ಪಟ್ಟಿ ಇದೆಯಲ್ಲ, ನಮಗೆ ಯಾಕಿಲ್ಲ ಅಂತ ಕೇಳಬಹುದು. ಅಲ್ಲಿ 1947ರ ಕಾಯ್ದೆ ಪ್ರಕಾರ ಉಪಾಧ್ಯಕ್ಷ, ಆಮೇಲೆ ಹೌಸ್‌ನ ಸ್ಪೀಕರ್, ಆಮೇಲೆ ಸೆನೆಟ್‌ನ ಪ್ರೊ ಟೆಂಪೋರ್ ಅಧ್ಯಕ್ಷ, ಆಮೇಲೆ ಮಂತ್ರಿಗಳು, ಹೀಗೆ ಕ್ಯೂ ಇದೆ. ಆದ್ರೆ ಅಲ್ಲಿ ಅಧ್ಯಕ್ಷರಿಗೆ ನಾಲ್ಕು ವರ್ಷದ ಅವಧಿ ಫಿಕ್ಸ್, ಸಂಸತ್ತಿನ ಬಹುಮತ ಬೇಕಿಲ್ಲ. ನಮ್ಮಲ್ಲಿ ಪ್ರಧಾನಿಯ ಅಧಿಕಾರ ಬರುವುದೇ ಲೋಕಸಭೆಯ ಬಹುಮತದಿಂದ. ಪಟ್ಟಿಯಲ್ಲಿ ಎರಡನೇ ಹೆಸರು ಇದೆ ಅಂತ ಒಬ್ಬರನ್ನು ಕೂರಿಸಿದ್ರೆ, ಅವರ ಹಿಂದೆ ಬಹುಮತ ಇಲ್ಲದಿದ್ರೆ ಏನು ಗತಿ? ಅದಕ್ಕೇ ಖಾಯಂ ಪ್ರಧಾನಿಯನ್ನು ಪಟ್ಟಿಯಿಂದ ಆರಿಸೋದು ನಮ್ಮ ವ್ಯವಸ್ಥೆಗೆ ಒಗ್ಗಲ್ಲ. ಇದು ನನಗೂ ಸರಿ ಅನ್ಸುತ್ತೆ.

ಆದ್ರೆ ನಿಜವಾದ ತೊಂದರೆ ಸಾವಲ್ಲ, ಕಾಯಿಲೆ. ಸಾವಾದ್ರೆ ಕುರ್ಚಿ ಖಾಲಿ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಪ್ರಜ್ಞೆ ತಪ್ಪಿ ಐಸಿಯುನಲ್ಲಿದ್ರೆ? ಸರ್ವರ್ ಕ್ರ್ಯಾಶ್ ಆದ್ರೆ ಅಲಾರಂ ಬರುತ್ತೆ, ಹ್ಯಾಂಗ್ ಆದ್ರೆ ಎಷ್ಟೋ ಹೊತ್ತು ಯಾರಿಗೂ ಗೊತ್ತಾಗಲ್ಲ, ಹಾಗೆ. 2016ರ ಸೆಪ್ಟೆಂಬರ್ 22ಕ್ಕೆ ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಆಸ್ಪತ್ರೆ ಸೇರಿದ್ರು. ಅವರ ಖಾತೆಗಳನ್ನು ಪನ್ನೀರ್‌ಸೆಲ್ವಂಗೆ ವಹಿಸಿದ್ದು ಅಕ್ಟೋಬರ್ 11ಕ್ಕೆ. ಡಿಸೆಂಬರ್ 5ಕ್ಕೆ ತೀರಿಕೊಳ್ಳುವವರೆಗೂ ಅವರೇ ಮುಖ್ಯಮಂತ್ರಿ. 2009ರ ಜನವರಿಯಲ್ಲಿ ಮನಮೋಹನ್ ಸಿಂಗ್‌ಗೆ ಬೈಪಾಸ್ ಆದಾಗ ಪ್ರಣಬ್ ಮುಖರ್ಜಿ ಸಂಪುಟ ಸಭೆ ನಡೆಸಿದ್ರು, ಆದ್ರೆ ಹಂಗಾಮಿ ಪ್ರಧಾನಿ ಅಂತ ಯಾರನ್ನೂ ಮಾಡಲಿಲ್ಲ.

ಇದಕ್ಕೆ ಒಳ್ಳೆ ಉದಾಹರಣೆ ಜಪಾನ್, ಅಲ್ಲೂ ನಮ್ಮ ಹಾಗೇ ಸಂಸದೀಯ ಪದ್ಧತಿ. 2000ದ ಏಪ್ರಿಲ್ 2ಕ್ಕೆ ಪ್ರಧಾನಿ ಒಬುಚಿಗೆ ಪಾರ್ಶ್ವವಾಯು ಹೊಡೆಯಿತು. ಹಂಗಾಮಿ ಯಾರು ಅಂತ ಪ್ರಧಾನಿಯೇ ಮೊದಲು ಹೇಳಿರಬೇಕು ಅನ್ನೋದು ಅಲ್ಲಿನ ಕಾನೂನು. ಸಂಪುಟ ಕಾರ್ಯದರ್ಶಿ ಅಓಕಿ, "ಆಸ್ಪತ್ರೆಯಲ್ಲಿ ಅವರೇ ನನಗೆ ವಹಿಸಿದ್ರು" ಅಂದ್ರು. ಕೋಮಾಗೆ ಹೋದವರು ಹೇಗೆ ಹೇಳಿದ್ರು ಅಂತ ದೊಡ್ಡ ಗಲಾಟೆ ಆಯ್ತು. ಆಮೇಲೆ ಪಾಠ ಕಲಿತ್ರು. ಈಗ ಹೊಸ ಸಂಪುಟ ಬಂದಾಗಲೇ ಐದು ಜನರ ಹೆಸರನ್ನು ಕ್ರಮವಾಗಿ ಗೊತ್ತು ಮಾಡಿಡ್ತಾರೆ. ಅವರು ಹಂಗಾಮಿ ಮಾತ್ರ. ಖಾಯಂ ಪ್ರಧಾನಿಯನ್ನು ಆರಿಸೋದು ಸಂಸತ್ತೇ.

ನಮಗೂ ಇಷ್ಟು ಸಾಕು ಅನ್ಸುತ್ತೆ. ಪ್ರಮಾಣವಚನದ ದಿನವೇ ಹೆಸರುಗಳ ಪಟ್ಟಿ, ಪ್ರಧಾನಿಗೆ ಕೆಲಸ ಮಾಡೋಕಾಗಲ್ಲ ಅಂತ ಯಾರು ಹೇಳಬೇಕು ಅನ್ನೋದಕ್ಕೆ ಒಂದು ನಿಯಮ, ಹಂಗಾಮಿ ಎಷ್ಟು ದಿನ ಇರಬಹುದು ಅನ್ನೋದಕ್ಕೆ ಒಂದು ಮಿತಿ. ಇದರಿಂದ ಲೋಕಸಭೆಯ ಹಕ್ಕು ಕಮ್ಮಿ ಆಗಲ್ಲ.

2003ರಲ್ಲಿ ಅಣ್ವಸ್ತ್ರ ಕಮಾಂಡ್ ಬಗ್ಗೆ ಸರ್ಕಾರ ಪ್ರಕಟಣೆ ಕೊಟ್ಟಾಗ ಒಂದು ಮಾತು ಹೇಳಿತ್ತು. ಪ್ರತಿದಾಳಿಗೆ ಆದೇಶ ಕೊಡುವ ಸರಣಿಗೆ ಎಲ್ಲಾ ಸಂದರ್ಭಕ್ಕೂ ಬದಲಿ ವ್ಯವಸ್ಥೆ ಮಾಡಲಾಗಿದೆ ಅಂತ. ಅಂದ್ರೆ ಆ ಬಟನ್‌ಗೆ ಬ್ಯಾಕಪ್ ಬೇಕು ಅಂತ ಯಾರೋ ಕೂತು ಯೋಚನೆ ಮಾಡಿದ್ದಾರೆ. ಕುರ್ಚಿಗೂ ಒಂದು ಬೇಕು ಅಂತ ಯೋಚನೆ ಮಾಡೋಕೆ ಒಳ್ಳೆ ಸಮಯ ಯಾವುದು ಅಂದ್ರೆ, ಪ್ರಧಾನಿ ಆರೋಗ್ಯವಾಗಿ ಕೆಲಸ ಮಾಡ್ತಿರುವ ಯಾವುದೋ ಒಂದು ಸಾಮಾನ್ಯ ದಿನ. ಆಸ್ಪತ್ರೆ ಬಾಗಿಲಲ್ಲಿ ನಿಂತು ಮಾಡೋ ನಿಯಮದ ಮೇಲೆ ಯಾರಿಗೂ ನಂಬಿಕೆ ಬರಲ್ಲ.