ಶೀತಲಯಂತ್ರದ ಸಾಮರ್ಥ್ಯವೂ ಪುಣೆಯ ಬೇಸಗೆಯೂ

ಕಟ್ಟಡವೊಂದರ ಶೀತಲಯಂತ್ರವು ತನ್ನ ನಿಗದಿತ ಸಾಮರ್ಥ್ಯವನ್ನು ಮೀರಿ ದುಡಿಯುತ್ತಿದೆಯೆಂದು ಹೇಳುವುದು ವಾಡಿಕೆ. ವಸ್ತುತಃ ಮೀರುವುದು ಯಂತ್ರವಲ್ಲ. ಅದರ ಮೇಲೆ ಬಿದ್ದ ಉಷ್ಣದ ಹೊರೆ. ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಈ ಹೊರುವ ಶಕ್ತಿಯ ಅಳತೆಯೇ ‘ಟನ್’. ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗಲು ಬೇಕಾಗುವ ಉಷ್ಣದ ದರವದು, ಸುಮಾರು 3.5 ಕಿಲೊವಾಟ್.

ಹತ್ತು ಟನ್ನಿನ ಯಂತ್ರವು 35 ಕಿಲೊವಾಟ್ ಉಷ್ಣವನ್ನು ಸಾಗಿಸಬಲ್ಲದು. ಕೋಣೆಯಲ್ಲಿ 40 ಕಿಲೊವಾಟ್ ಹುಟ್ಟಿದರೆ 5 ಕಿಲೊವಾಟ್ ಒಳಗೇ ಉಳಿಯುತ್ತದೆ. ಗೋಡೆಗಳು ಏನನ್ನೂ ಹೀರದಿದ್ದಲ್ಲಿ 300 ಘನಮೀಟರ್ ಗಾಳಿಯ ಉಷ್ಣತೆಯು ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರೀತು. ಗೋಡೆ, ಪೀಠೋಪಕರಣಗಳು ಈ ಏರಿಕೆಯನ್ನು ತಡಮಾಡುತ್ತವೆ, ನಿಲ್ಲಿಸಲಾರವು. ಕಂಪ್ರೆಸರ್ ವಿಶ್ರಾಂತಿಯಿಲ್ಲದೆ ಓಡುತ್ತದೆ. ಆದರೂ ಕೋಣೆ ಬೆಚ್ಚಗಾಗುತ್ತಲೇ ಹೋಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಯಂತ್ರದ ಮೇಲೆ ಬರೆದ ಸಾಮರ್ಥ್ಯವು ಸಾಮಾನ್ಯವಾಗಿ ಹೊರಗಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ಇರುವಾಗಿನದು. ಪುಣೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನವು ಆ ಮಿತಿಯನ್ನು ದಾಟುವುದು ಸಾಮಾನ್ಯ. ಮೇಲಾಗಿ ನಗರವು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ನೂರಕ್ಕೆ ಐದರಷ್ಟು ತೆಳು. ಪಂಖವು ಅಷ್ಟೇ ತಿರುಗಿದರೂ ಕಡಿಮೆ ಉಷ್ಣವನ್ನು ಒಯ್ಯುತ್ತದೆ. ಹೊರಗಿನ ಸುರುಳಿಯಲ್ಲಿ ಒತ್ತಡ ಏರುತ್ತದೆ. ವಿದ್ಯುತ್ತಿನ ಬಳಕೆ ಹೆಚ್ಚುತ್ತದೆ. ತಂಪು ಮಾತ್ರ ಕುಗ್ಗುತ್ತದೆ. ಅಂದರೆ ಯಂತ್ರದ ಅಗತ್ಯ ಹೆಚ್ಚಿದ ಹೊತ್ತಿನಲ್ಲಿಯೇ ಅದರ ಬಲ ಕಡಿಮೆ. ಕಡೆಗೆ ಒತ್ತಡರಕ್ಷಕ ಸ್ವಿಚ್ಚು ಯಂತ್ರವನ್ನು ನಿಲ್ಲಿಸುತ್ತದೆ. ಆಗ ಒಳಗುಳಿಯುವುದು 5 ಕಿಲೊವಾಟ್ ಅಲ್ಲ, ಪೂರ್ತಿ 40.

ಮನುಷ್ಯರಾದರೆ ಕಿಟಕಿ ತೆರೆದು ಹೊರಬಂದಾರು. ಗಣಕಯಂತ್ರಗಳಿಗೆ ಆ ಸ್ವಾತಂತ್ರ್ಯವಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ‘ಪ್ರತ್ಯೂಷ್’, 2024ರಲ್ಲಿ ‘ಅರ್ಕ’ ಎಂಬ ಮಹಾಗಣಕಗಳು ಕಾರ್ಯಾರಂಭ ಮಾಡಿದವು. ನಾಡಿನ ಮಳೆ, ಬಿಸಿಲುಗಳನ್ನು ಲೆಕ್ಕಹಾಕುವ ಇಂಥ ಯಂತ್ರಗಳು ಬಳಸುವ ವಿದ್ಯುತ್ತೆಲ್ಲವೂ ಉಷ್ಣವಾಗಿಯೇ ಪರಿಣಮಿಸುತ್ತದೆ. ಆದುದರಿಂದ ಮುನ್ಸೂಚನೆಯನ್ನು ನೆಚ್ಚಿದ ರೈತನ ಹಿತವೂ ಒಂದರ್ಥದಲ್ಲಿ ಶೀತಲಯಂತ್ರವನ್ನೇ ಅವಲಂಬಿಸಿದೆ.

ಪರಿಹಾರವು ಕೇವಲ ದೊಡ್ಡ ಯಂತ್ರವನ್ನು ಕೊಳ್ಳುವುದರಲ್ಲಿಲ್ಲ. ಬೇಸಗೆಯ ಅತಿ ಬಿಸಿ ದಿನವನ್ನೇ ಲೆಕ್ಕಕ್ಕೆ ಹಿಡಿಯುವುದು, ಒಂದು ಕೆಟ್ಟರೆ ಇನ್ನೊಂದು ನಡೆಯುವಂತೆ ಮೀಸಲು ಯಂತ್ರವನ್ನಿಡುವುದು, ಹೊರಗಿನ ಸುರುಳಿಯನ್ನು ಧೂಳಿಲ್ಲದಂತೆ ನೆರಳಿನಲ್ಲಿರಿಸುವುದು, ಸಂಕಟದಲ್ಲಿ ಅನವಶ್ಯಕ ಕೆಲಸಗಳನ್ನು ಮೊದಲು ನಿಲ್ಲಿಸುವುದು—ಇವೇ ವಿವೇಕದ ಕ್ರಮಗಳು. ಹಳೆಯ ಪುಣೆಯ ವಾಡೆಗಳ ದಪ್ಪ ಗೋಡೆ, ನಡುಅಂಗಳಗಳು ಹೇಳುವುದೂ ಅದನ್ನೇ: ಒಳಹೊಕ್ಕ ಉಷ್ಣವನ್ನು ಹೊರಹಾಕುವುದಕ್ಕಿಂತ ಅದು ಹೊಗದಂತೆ ತಡೆಯುವುದು ಸುಲಭ.