ಮರ ಒಂದು, ಮನೆ ಎರಡು

ಮನೆ ಕಟ್ಟಿಸುವ ಗೃಹಸ್ಥನು ನಿವೇಶನವನ್ನು ಆರಿಸಿಕೊಳ್ಳಬಲ್ಲನು. ಬಾಗಿಲಿನ ದಿಕ್ಕನ್ನೂ ದೇವರ ಮನೆಯ ಮೂಲೆಯನ್ನೂ ಆರಿಸಿಕೊಳ್ಳಬಲ್ಲನು. ನೆರೆಯವರನ್ನು ಆರಿಸಿಕೊಳ್ಳುವ ಭಾಗ್ಯ ಮಾತ್ರ ಅವನಿಗಿಲ್ಲ. ಆದುದರಿಂದಲೇ ನೆರೆಹೊರೆಯ ವ್ಯಾಜ್ಯವು ಉಳಿದ ವ್ಯಾಜ್ಯಗಳಂತಲ್ಲ. ಅಂಗಡಿಯವನೊಡನೆ ಮನಸ್ತಾಪವಾದರೆ ಮತ್ತೊಂದು ಅಂಗಡಿಗೆ ಹೋಗಬಹುದು. ನೆರೆಯವರೊಡನೆ ಮನಸ್ತಾಪವಾದರೆ ಮರುದಿನ ಬೆಳಿಗ್ಗೆ ಅದೇ ಮುಖವನ್ನು ಕಂಡುಕೊಂಡೇ ಅಂಗಳಕ್ಕೆ ನೀರು ಹಾಕಬೇಕು.

ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ನಡೆಯಬಹುದಾದ ಪ್ರಸಂಗವೊಂದನ್ನು ಊಹಿಸಿಕೊಳ್ಳಿ. 40 ಅಡಿ ಅಗಲ, 60 ಅಡಿ ಉದ್ದದ ಎರಡು ನಿವೇಶನಗಳು. ನಡುವೆ ಒಂದು ಹಳೆಯ ಕಾಂಪೌಂಡು ಗೋಡೆ. ಮೂಡಣ ಮನೆಯ ಅಜ್ಜಿಯ ಯಜಮಾನರು ಗೃಹಪ್ರವೇಶದ ವರ್ಷ ನೆಟ್ಟ ಮಾವಿನ ಸಸಿ ಈಗ ಹೆಮ್ಮರ. ಯಜಮಾನರು ಇಲ್ಲ, ಮರ ಇದೆ. ಅದರ ಕೊಂಬೆಗಳು ಗೋಡೆ ದಾಟಿ ಪಡುವಣ ಮನೆಯ ತಾರಸಿಯ ಮೇಲೆ ಹರಡಿವೆ. ಅಲ್ಲಿನ ರಾಯರು ನಿವೃತ್ತರು. ಉದುರಿದ ಎಲೆಗಳು ಮಳೆನೀರಿನ ಕೊಳವೆಯಲ್ಲಿ ಸಿಕ್ಕಿ, ತಾರಸಿಯಲ್ಲಿ ನೀರು ನಿಂತು, ಕೋಣೆಯ ಗೋಡೆ ಒದ್ದೆಯಾಗುತ್ತಿತ್ತು. ರಾಯರು ಮೂರು ವರ್ಷ ಮನಸ್ಸಿನಲ್ಲೇ ಕುದಿದರು. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಕಡೆಗೆ, ಮೂಡಣ ಮನೆಯವರು ಮದುವೆಗೆಂದು ಊರಿಗೆ ಹೋಗಿದ್ದಾಗ, ಆಳನ್ನು ಕರೆಸಿ ಕೊಂಬೆಗಳನ್ನು ಕಡಿಸಿಬಿಟ್ಟರು.

ಹಿಂದಿರುಗಿದ ಅಜ್ಜಿ ಬೋಳಾದ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದರು. ಅನಂತರ ಗೋಡೆಯ ಬಳಿ ಬಂದು, “ರಾಯರೇ, ಒಂದು ಮಾತು ಹೇಳಿದ್ದರೆ ನಾನೇ ಆಳನ್ನು ಕರೆಸುತ್ತಿರಲಿಲ್ಲವೆ?” ಎಂದಷ್ಟೇ ಕೇಳಿ ಒಳಗೆ ಹೋದರು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಮುಂದಿನ ಮಳೆಗಾಲದಲ್ಲಿ, ಬೇರು ಸರಿಸಿದ್ದ ಗೋಡೆ ಹತ್ತು ಅಡಿಯಷ್ಟು ಉರುಳಿಬಿತ್ತು. “ಮರ ಅವರದು, ಅವರೇ ಕಟ್ಟಿಸಲಿ” ಎಂದು ಇವರು. “ನಮ್ಮ ಮರ ಕಡಿದವರು ಅವರು, ಅವರೇ ಕಟ್ಟಿಸಲಿ” ಎಂದು ಅವರು. ಹೀಗೆ ಎರಡು ಮಳೆಗಾಲ ಕಳೆಯಿತು. ಬಿದ್ದ ಗೋಡೆಯ ಸಂದಿನಲ್ಲಿ ಬೀದಿನಾಯಿಗಳು ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಿಕೊಂಡಿದ್ದವು.

ಇವರಿಬ್ಬರಲ್ಲಿ ನ್ಯಾಯ ಯಾರ ಪಕ್ಷದಲ್ಲಿತ್ತು? ಉತ್ತರ ಒಂದೇ ಮಾತಿನಲ್ಲಿ ಹೇಳುವಂತಹುದಲ್ಲ.

ಗಡಿ ದಾಟಿ ಬಂದ ಕೊಂಬೆಯ ಪ್ರಶ್ನೆ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ಲೆಮನ್ ಮತ್ತು ವೆಬ್ ಎಂಬ ಇಬ್ಬರು ನೆರೆಯವರ ನಡುವಿನ ಇಂತಹುದೇ ವ್ಯಾಜ್ಯ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1895ರ ವರದಿಗಳಲ್ಲಿ ಪ್ರಕಟವಾದ ಆ ತೀರ್ಪಿನ ಪ್ರಕಾರ, ಕೊಂಬೆ ಎಷ್ಟು ವರ್ಷಗಳಿಂದ ಚಾಚಿಕೊಂಡಿದ್ದರೂ, ನೆರೆಯವನು ಅದನ್ನು ಗಡಿಯವರೆಗೆ ಕತ್ತರಿಸಬಹುದು. ಆದರೆ ಮರದವನ ನೆಲದೊಳಕ್ಕೆ ಕಾಲಿಡಬಾರದು. 1919ರ ಮತ್ತೊಂದು ತೀರ್ಪು ಇದಕ್ಕೆ ಇನ್ನೊಂದು ಮಿತಿಯನ್ನು ಹಾಕಿತು: ಕತ್ತರಿಸಿದ ಕೊಂಬೆಯಲ್ಲಿನ ಹಣ್ಣು ಕತ್ತರಿಸಿದವನದಲ್ಲ, ಮರದ ಒಡೆಯನದೇ. ಅಲ್ಲಿ ಆ ಹಣ್ಣನ್ನು ಮಾರಿಕೊಂಡವನು ಅದರ ಬೆಲೆಯನ್ನು ತೆರಬೇಕಾಯಿತು.

ಇಷ್ಟನ್ನೇ ಓದಿಕೊಂಡು ಕೊಡಲಿ ಎತ್ತುವವನು ಕರ್ನಾಟಕದಲ್ಲಿ ಎಡವುವುದು ನಿಶ್ಚಯ. ಇಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಉಂಟು. ತನ್ನದೇ ಹಿತ್ತಲಿನ ಮರವಾದರೂ ಅದನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆಂಬುದು ಅದರ ಸಾಮಾನ್ಯ ನಿಯಮ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಮಿಕ್ಕ ಯಾವುದೇ ಮರವಿರಲಿ, ದೊಡ್ಡ ಕೊಂಬೆಗೆ ಕೈಹಾಕುವ ಮುನ್ನ ಆ ಕಛೇರಿಯಲ್ಲಿ ವಿಚಾರಿಸಿ ಒಂದು ಅರ್ಜಿ ಕೊಡುವುದು ಜಾಣತನ.

ಮರವೇ ಒಣಗಿ, ಬೀಳುವ ಸ್ಥಿತಿಗೆ ಬಂದಿದ್ದು ಒಡೆಯನು ಕಿವಿಗೊಡದಿದ್ದರೆ? ಅದಕ್ಕೂ ದಾರಿಯುಂಟು. ನೆರೆಯವರಿಗೋ ದಾರಿಹೋಕರಿಗೋ ಅಪಾಯ ತರುವಂತಹ ಮರವನ್ನು ತೆಗೆಯಿರಿ ಇಲ್ಲವೆ ಆಧಾರ ಕೊಡಿರಿ ಎಂದು ಒಡೆಯನಿಗೆ ಆಜ್ಞೆ ಮಾಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಇದೆ. ಹಿಂದೆ ಇದು 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಪ್ರಕರಣದಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದಲ್ಲಿದೆ.

ಇನ್ನು ಗೋಡೆಯ ವೆಚ್ಚ. ಗೋಡೆ ಪೂರ್ಣವಾಗಿ ಒಬ್ಬನ ನೆಲದಲ್ಲಿ ನಿಂತಿದ್ದರೆ ಅದು ಅವನ ಗೋಡೆ. ನೆರೆಯವನಿಂದ ಪಾಲನ್ನು ಕೇಳಬಹುದು, ಹಕ್ಕೆಂದು ವಸೂಲು ಮಾಡಲಾಗದು. ಗಡಿಯ ಮೇಲೆಯೇ ಇಬ್ಬರೂ ಸೇರಿ ಕಟ್ಟಿಸಿದ್ದಾದರೆ ಹೊಣೆಯೂ ಇಬ್ಬರದು. ಇದನ್ನು ನಿರ್ಣಯಿಸುವುದು ಏರಿದ ದನಿಯಲ್ಲ. ಕ್ರಯಪತ್ರದ ಚಕ್ಕುಬಂದಿ ಮತ್ತು ಅಳತೆಯ ಟೇಪು. ಪಾಲನ್ನು ಹಾಕುವುದರಲ್ಲಿಯೂ ಒಂದು ಕ್ರಮ ಒಳ್ಳೆಯದು. ಒಬ್ಬರಿಗೆ 5 ಅಡಿಯ ಗೋಡೆ ಸಾಕು, ಇನ್ನೊಬ್ಬರಿಗೆ 7 ಅಡಿ ಬೇಕು ಎಂದಿಟ್ಟುಕೊಳ್ಳಿ. 5 ಅಡಿಗೆ ಮೇಸ್ತ್ರಿ ಹೇಳುವ ವೆಚ್ಚ 50,000 ರೂಪಾಯಿ, ಮೇಲಿನ 2 ಅಡಿಗೆ 20,000 ರೂಪಾಯಿ. ಇಬ್ಬರಿಗೂ ಬೇಕಾದ 5 ಅಡಿಯ ವೆಚ್ಚ ಸಮಪಾಲು, ಹೆಚ್ಚಿನದು ಬೇಕೆಂದವರದು. ಒಬ್ಬರಿಗೆ 25,000, ಇನ್ನೊಬ್ಬರಿಗೆ 45,000. ಲೆಕ್ಕ ಕೆಲಸಕ್ಕೆ ಮೊದಲೇ ಕಾಗದದ ಮೇಲೆ ಬರಬೇಕು. ಕೆಲಸ ಮುಗಿದ ಮೇಲೆ ಚೀಟಿ ಕಳುಹಿಸಿ ಅರ್ಧ ಹಣ ಕೇಳುವವನು ನೆರೆಯವನಂತೆ ಕಾಣುವುದಿಲ್ಲ, ಸಾಲಗಾರನ ಬಾಗಿಲಿಗೆ ಬಂದ ಸಾಹುಕಾರನಂತೆ ಕಾಣುತ್ತಾನೆ.

ಬಹುಮಹಡಿಯ ವಸತಿಗಳಲ್ಲಿ ಗೋಡೆಯ ಬದಲು ಲಿಫ್ಟು ಜಗಳಕ್ಕೆ ಕಾರಣವಾಗುತ್ತದೆ. “ನೆಲಮಹಡಿಯವರಿಗೆ ಲಿಫ್ಟಿನ ಹಂಗೇನು?” ಎಂಬುದು ಅಲ್ಲಿನ ನಿತ್ಯದ ವಾದ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ ಈ ವಾದಕ್ಕೆ ಎಡೆಗೊಡಲಿಲ್ಲ. ಸಮಾನ ಸೌಕರ್ಯವನ್ನು ತಾನು ಬಳಸುವುದಿಲ್ಲವೆಂದ ಮಾತ್ರಕ್ಕೆ ಮಾಲೀಕನು ಸಮಾನ ವೆಚ್ಚದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಅದು ಹಾಕಿಕೊಟ್ಟ ತತ್ವ.

ಮಾತಿನಲ್ಲಿ ಮುಗಿಯದಿದ್ದರೆ ನ್ಯಾಯಾಲಯ ಇದ್ದೇ ಇದೆ. ಆದರೆ ದಾವೆಯ ವಿಷಯದಲ್ಲಿ ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ಮೊದಲು ಲೋಕ ಅದಾಲತ್ತಿನ ಬಾಗಿಲನ್ನು ತಟ್ಟಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ, ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ.

ಹಾಗಾದರೆ ಕಾನೂನನ್ನು ತಿಳಿದುಕೊಳ್ಳುವುದು ಜಗಳವಾಡುವುದಕ್ಕೋ? ಅಲ್ಲ. ತನ್ನ ಹಕ್ಕು ಎಲ್ಲಿಯವರೆಗೆ ಎಂಬುದನ್ನು ತಿಳಿದವನಿಗೆ ದನಿಯೇರಿಸುವ ಅವಶ್ಯಕತೆ ಬೀಳುವುದಿಲ್ಲ. ಅದನ್ನು ತಿಳಿಯದವನೇ ಒಂದು ದಿನ ಮಿತಿಮೀರಿ ಸಹಿಸಿ, ಇನ್ನೊಂದು ದಿನ ಮಿತಿಮೀರಿ ಕೆರಳುತ್ತಾನೆ. ರಾಯರ ತಪ್ಪು ಕೊಂಬೆಯನ್ನು ಕಡಿಸಿದ್ದರಲ್ಲಿ ಆರಂಭವಾಗಲಿಲ್ಲ. ಮೂರು ವರ್ಷ ಮಾತನಾಡದೆ ಇದ್ದುದರಲ್ಲಿ ಆರಂಭವಾಯಿತು.

ಅವರ ಕಥೆ ಹೇಗೆ ಮುಗಿಯಬಹುದು? ಮೂರನೆಯ ಮಳೆಗಾಲಕ್ಕೆ ಮುನ್ನ ರಾಯರು ತಮ್ಮ ಕ್ರಯಪತ್ರವನ್ನು ಹಿಡಿದು ಮೂಡಣ ಮನೆಯ ಬಾಗಿಲಿಗೆ ಹೋಗುತ್ತಾರೆ. “ಅಮ್ಮಾ, ಕೇಳದೆ ಕಡಿಸಿದ್ದು ತಪ್ಪಾಯಿತು. ನಿಮ್ಮ ಕಾಗದವನ್ನೂ ತೆಗೆಸಿ, ಅಳೆದು ನೋಡೋಣ” ಎನ್ನುತ್ತಾರೆ. ಅಳೆದಾಗ ಗೋಡೆ ಗಡಿಯ ಮೇಲೆಯೇ ಇರುವುದು ಕಾಣುತ್ತದೆ, ವೆಚ್ಚ ಸಮಪಾಲು. ಮೇಸ್ತ್ರಿ ಬೇರನ್ನು ಕಡಿಯದೆ, ಅದರ ಮೇಲೆ ಕಾಂಕ್ರೀಟಿನ ತೊಲೆಯೊಂದನ್ನು ಹಾಯಿಸಿ ಗೋಡೆ ಎಬ್ಬಿಸುತ್ತಾನೆ. ಪ್ರತಿವರ್ಷ ಹಣ್ಣಿನ ಕೊಯ್ಲು ಮುಗಿದ ಮೇಲೆ, ಬೇಕಾದ ಅನುಮತಿ ಪಡೆದು, ತಾರಸಿಯ ಕಡೆಯ ಕೊಂಬೆಗಳನ್ನು ಸವರಿಸುವುದು, ಕೂಲಿಯನ್ನು ಹಂಚಿಕೊಳ್ಳುವುದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕುತ್ತಾರೆ.

ಗೋಡೆ 7 ಅಡಿ ಇರಲೆಂದು ಮೊದಲು ಹಟ ಹಿಡಿದಿದ್ದವರು ರಾಯರೇ. ಕಡೆಗೆ 5 ಅಡಿಯೇ ಸಾಕೆಂದವರೂ ಅವರೇ. ಅಜ್ಜಿಗೆ ವಯಸ್ಸಾಗಿದೆ, ಮಾವಿನ ಬುಟ್ಟಿಯನ್ನು ದಾಟಿಸಲು ಅದಕ್ಕಿಂತ ಎತ್ತರ ಕೈ ಎಟಕುವುದಿಲ್ಲ.