ಸಗಣಿಹುಳುವಿನ ವಂಶಾವಳಿ

ಸಗಣಿಯನ್ನು ಉಂಡೆ ಕಟ್ಟಿ, ತಲೆಯನ್ನು ನೆಲದತ್ತ ಬಾಗಿಸಿ, ಹಿಂಗಾಲುಗಳಿಂದ ಅದನ್ನು ಹಿಮ್ಮುಖವಾಗಿ ತಳ್ಳಿಕೊಂಡು ಹೋಗುವ ಹುಳುವಿನಲ್ಲಿ ಪ್ರಾಚೀನ ಈಜಿಪ್ಟಿನ ಜನರು ಉದಯಸೂರ್ಯನ ಅಧಿದೇವತೆಯಾದ ಖೆಪ್ರಿಯನ್ನು ಕಂಡರು. ಫ್ರಾನ್ಸಿನ ಕೀಟಶಾಸ್ತ್ರಜ್ಞ ಫ್ಯಾಬರ್ ಮಹಾಶಯರು ಅದರ ದಿನಚರಿಯನ್ನು ವರ್ಷಗಟ್ಟಲೆ ನೋಡಿ ಬರೆದಿಟ್ಟರು. ಆದರೆ ಆ ಉಂಡೆಯನ್ನೇ ಕುಲಚಿಹ್ನೆಯೆಂದು ಬಗೆದ ಪ್ರಾಣಿಶಾಸ್ತ್ರಜ್ಞರು ಇವುಗಳ ವಂಶಾವಳಿಯನ್ನು ಅರಿಯುವಲ್ಲಿ ಬಹುಕಾಲ ದಾರಿ ತಪ್ಪಿದರು.

ಸ್ಕ್ಯಾರಬೈನೇ ಎಂಬ ಉಪಕುಟುಂಬಕ್ಕೆ ಸೇರಿದ, 6000ದಷ್ಟು ಜಾತಿಗಳುಳ್ಳ ಈ ಜೀರುಂಡೆಗಳಲ್ಲಿ ಉಂಡೆಯನ್ನು ಉರುಳಿಸಿ ದೂರ ಒಯ್ಯುವವು ಒಂದು ಶಾಖೆ, ಸಗಣಿಯ ಕೆಳಗೇ ಬಿಲ ತೋಡಿ ಅದನ್ನು ಒಳಕ್ಕಿಳಿಸುವವು ಮತ್ತೊಂದು ಶಾಖೆ ಎಂಬ ವಿಭಜನೆಯೇ ಹಿಂದೆ ಪ್ರಮಾಣವಾಗಿ ನಿಂತಿತ್ತು. ಉರುಳಿಸುವವಕ್ಕೆ ನೀಳವಾದ ಹಿಂಗಾಲು, ತೋಡುವವಕ್ಕೆ ಗಿಡ್ಡವೂ ಬಲಿಷ್ಠವೂ ಆದ ಕಾಲು. ಕಣ್ಣಿಗೆ ಇಷ್ಟು ಸ್ಫುಟವಾಗಿದ್ದ ಭೇದವನ್ನು ಸಂದೇಹಿಸುವುದು ಸುಲಭವಾಗಿರಲಿಲ್ಲ. 2007ರಲ್ಲಿ ಮೊನಹನ್ ಮತ್ತು ಅವರ ಸಂಗಡಿಗರು ನಾನಾ ಭೂಖಂಡಗಳ 214 ಜಾತಿಗಳ ಡಿಎನ್‌ಎಯನ್ನು ತುಲನೆ ಮಾಡಿದಾಗ, ಮೂಲ ಪೂರ್ವಿಕರು ಬಿಲ ತೋಡುವವೇ ಆಗಿದ್ದುವೆಂದೂ, ಉರುಳಿಸುವ ವಿದ್ಯೆಯು ಹತ್ತಿರದ ನಂಟಿಲ್ಲದ ಶಾಖೆಗಳಲ್ಲಿ ಸ್ವತಂತ್ರವಾಗಿ ಮತ್ತೆ ಮತ್ತೆ ಉದಯಿಸಿತೆಂದೂ, ಇವೆಲ್ಲಕ್ಕೂ ಆಫ್ರಿಕವೇ ತವರಾಗಿದ್ದಿರಬೇಕೆಂದೂ ಕಂಡುಬಂದಿತು. ಸಗಣಿ ಬಿದ್ದ ತುಸುಹೊತ್ತಿಗೇ ಹುಳುಗಳು ಹಿಂಡುಹಿಂಡಾಗಿ ಮುತ್ತುವೆಡೆಯಲ್ಲಿ, ತನ್ನ ಪಾಲನ್ನು ಸಂದಣಿಯಿಂದಾಚೆಗೆ ಸಾಗಿಸಬಲ್ಲ ಹುಳುವಿಗೆ ಸಂತಾನವನ್ನು ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಆ ಒಂದೇ ಅಗತ್ಯವು ಬೇರೆ ಬೇರೆ ಮನೆತನಗಳ ಕಾಲುಗಳನ್ನು ಒಂದೇ ಆಕಾರಕ್ಕೆ ತಂದಿತು.

ಅವುಗಳ ಬಾಂಧವ್ಯವನ್ನು ಕಾಲಿಗಿಂತಲೂ ಬಾಯಿ ಚೆನ್ನಾಗಿ ನುಡಿಯುತ್ತದೆ. ಉರುಳಿಸುವುದಿರಲಿ, ತೋಡುವುದಿರಲಿ, ಪ್ರೌಢ ಹುಳುವಿನ ದವಡೆಯ ಅಂಚು ಮೃದುವಾದ ಪೊರೆಯಾಗಿ, ಜಗಿಯುವ ಶಕ್ತಿಯನ್ನು ತೊರೆದು, ಹಸಿ ಸಗಣಿಯಲ್ಲಿನ ಅತಿಸೂಕ್ಷ್ಮ ಕಣಗಳನ್ನು ಮಾತ್ರ ಹೀರಿಕೊಳ್ಳುವಂತೆ ಮಾರ್ಪಟ್ಟಿದೆ. ಉಂಡೆಯೊಳಗೆ ಬೆಳೆಯುವ ಮರಿಹುಳುವಿಗಾದರೋ ಜಗಿಯುವ ಗಟ್ಟಿ ದವಡೆ ಈಗಲೂ ಉಂಟು.

ಈ ವಂಶದ ಪ್ರಾಚೀನತೆಯ ವಿಷಯದಲ್ಲಿ ವಿದ್ವಾಂಸರು ಏಕಮತರಲ್ಲ. ಅಮೆರಿಕದ ಮೊಂಟಾನದಲ್ಲಿ ದೊರೆತ, ಸುಮಾರು 7.5 ಕೋಟಿ ವರ್ಷ ಹಿಂದಿನ ಸಸ್ಯಾಹಾರಿ ಡೈನೋಸಾರ್‌ಗಳ ಶಿಲೀಭೂತ ಮಲದಲ್ಲಿ ಹುಳು ತೋಡಿದ ಬಿಲಗಳಿರುವುದನ್ನು ಕ್ಯಾರೆನ್ ಚಿನ್ ಮತ್ತು ಬ್ರೂಸ್ ಗಿಲ್ 1996ರಲ್ಲಿ ಪ್ರಕಟಿಸಿದರು. ಹೂಬಿಡುವ ಸಸ್ಯಗಳನ್ನು ಡೈನೋಸಾರ್‌ಗಳು ಮೇಯತೊಡಗಿದಾಗ ಅವುಗಳ ಮಲವು ಪುಷ್ಟಿಕರವಾಗಿ, 11.5ರಿಂದ 13 ಕೋಟಿ ವರ್ಷಗಳ ಹಿಂದೆ ಈ ವಂಶ ಹುಟ್ಟಿತೆಂದು 2016ರ ಅಧ್ಯಯನವೊಂದು ವಾದಿಸುತ್ತದೆ. ಸಸ್ತನಿಗಳ ಅಭ್ಯುದಯದೊಡನೆಯೇ ಇವು ಬೆಳೆದುವೆಂಬುದು ಪ್ರತಿಪಕ್ಷ. ಬಿಲವು ಹುಳುವಿನ ದೇಹವಲ್ಲವಾದರೂ, ಡೈನೋಸಾರ್‌ಗಳ ಪಕ್ಷವೇ ನನಗೆ ಬಲವಾಗಿ ತೋರುತ್ತದೆ.

ಅನ್ನದಾತನು ಅಳಿದರೆ ಈ ಹುಳುಗಳ ಗತಿಯೇನೆಂಬುದನ್ನು ಮಡಗಾಸ್ಕರ್ ದ್ವೀಪದಲ್ಲಿ ನೋಡಬಹುದು. ಅಲ್ಲಿನ ಬೃಹದ್ಗಾತ್ರದ ಲೀಮರ್‌ಗಳು ನಿರ್ನಾಮವಾದವು. ಮನುಷ್ಯನು ದನಗಳನ್ನು ತಂದನು. ಹೆಲಿಕ್ಟೊಪ್ಲೂರಸ್ ಕುಲದ ಕೆಲವೇ ಜಾತಿಗಳು ದನದ ಸಗಣಿಗೆ ಒಗ್ಗಿಕೊಂಡು ಬಯಲಿಗೆ ಹರಡಿದುವು. ಅವುಗಳ ಬಂಧುಗಳಲ್ಲಿ ಬಹುಪಾಲು ಇನ್ನೂ ಕುಗ್ಗುತ್ತಿರುವ ಕಾಡನ್ನೇ ನೆಚ್ಚಿಕೊಂಡಿವೆ.